ಎಂಡಿ ಕೊಟ್ಟ ತಾರೀಖಿಗೆ ಸಿಸ್ಟಮ್ ತಯಾರಿಲ್ಲ ಎಂದು ಹೇಳುವುದು ಹೇಗೆ? ಅನುಭವ ಇದ್ದವರು ಬರೆಯಿರಿ

ಪ್ರಶ್ನೆ

ನಮಸ್ಕಾರ. ಐಟಿ ಸರ್ವೀಸಸ್ ಕಂಪನಿಗಳಲ್ಲಿ 19 ವರ್ಷ ಕೆಲಸ ಮಾಡಿ, ಎಂಟು ತಿಂಗಳ ಹಿಂದೆ ಪೀಣ್ಯದ ಒಂದು ವಾಹನ ಬಿಡಿಭಾಗ ತಯಾರಿಸುವ ಕಂಪನಿಗೆ ಸಿಐಓ, ಅಂದರೆ ಐಟಿ ಮುಖ್ಯಸ್ಥೆ ಆಗಿ ಬಂದೆ. ಪೀಣ್ಯ, ದಾಬಸ್‌ಪೇಟೆ, ಹೊಸೂರು, ಹೀಗೆ ಮೂರು ಪ್ಲಾಂಟ್. ತಂಡದಲ್ಲಿ 14 ಜನ.

ಸ್ಟಾಕ್, ಬಿಲ್, ಲೆಕ್ಕ ಎಲ್ಲ ನೋಡಿಕೊಳ್ಳುವ ಸ್ಯಾಪ್ ಸಾಫ್ಟ್‌ವೇರ್‌ನ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುತ್ತಿದ್ದೇವೆ. ಹಳೆಯದಕ್ಕೆ ಮಾಮೂಲಿ ಸಪೋರ್ಟ್ 2027ರ ಕೊನೆಗೆ ನಿಲ್ಲುತ್ತದೆ, ಹಾಗಾಗಿ ಹೋಗಲೇಬೇಕು. ತೊಂದರೆ ಇರುವುದು ತಾರೀಖಿನಲ್ಲಿ. ನಾನು ಸೇರುವ ಮೊದಲೇ ನಮ್ಮ ಎಂಡಿ ಬೋರ್ಡಿಗೆ ಏಪ್ರಿಲ್ 1 ಎಂದು ಮಾತು ಕೊಟ್ಟಿದ್ದಾರೆ. ಈಗ ಜನವರಿ ಅರ್ಧ ಮುಗಿದಿದೆ. ಟೆಸ್ಟಿಂಗ್‌ಗೆ ಕರೆದರೆ ಸ್ಟೋರ್ಸ್‌ನವರು ಬರುವುದಿಲ್ಲ. ಜಾಬ್ ವರ್ಕ್‌ಗೆ, ಅಂದರೆ ಬೇರೆಯವರ ಹತ್ತಿರ ಕೆಲಸ ಮಾಡಿಸಲು, ಹೊರಗೆ ಹೋದ ಮಾಲಿನ ಲೆಕ್ಕ ತಾಳೆಯಾಗುತ್ತಿಲ್ಲ. ಆದರೂ ಹೊಸ ಸಿಸ್ಟಮ್ ಹಾಕಿಕೊಡುತ್ತಿರುವ ವೆಂಡರ್ ಪ್ರತಿ ಶುಕ್ರವಾರದ ರಿವ್ಯೂಗೆ, ಕೆಲಸಗಳ ಪಟ್ಟಿಯ ಎಲ್ಲಾ ಸಾಲಿಗೂ "ಸರಿ ಇದೆ" ಎಂಬ ಹಸಿರು ಬಣ್ಣ ಹಾಕಿಕೊಂಡು ಬರುತ್ತಾರೆ.

ನಾನು ಸಿಎಫ್‌ಓ (ಹಣಕಾಸು ಮುಖ್ಯಸ್ಥರು) ಕೈಕೆಳಗೆ ಕೆಲಸ ಮಾಡುತ್ತೇನೆ. ಅವರ ಮುಂದೆ ಒಮ್ಮೆ "ಇನ್ನೂ ತಯಾರಿಲ್ಲ ಸರ್" ಎಂದೆ. "ಹೊಸಬರಲ್ವಾ ಮೇಡಂ, ಸ್ವಲ್ಪ ಭಯ ಇದ್ದೇ ಇರುತ್ತೆ" ಎಂದು ಮಾತು ಮುಗಿಸಿದರು. ನನಗಿರುವುದು ಭಯ ಅಲ್ಲ, ಕಣ್ಣಿಗೇ ಕಾಣುತ್ತಿದೆ. ಇಂಥದ್ದನ್ನು ಮೇಲಿನವರಿಗೆ ಮುಟ್ಟುವ ಹಾಗೆ ಹೇಳಿದವರು ಯಾರಾದರೂ ಇದ್ದೀರಾ? ಹೇಳಲಾಗದೆ ಸುಮ್ಮನಿದ್ದವರೂ ಬರೆಯಿರಿ. ಆಮೇಲೆ ಏನಾಯಿತು?

ಬ್ಯಾಂಕಿನ ಐಟಿಯಲ್ಲಿ 26 ವರ್ಷ, ಈಗ ನಿವೃತ್ತ, ಮೈಸೂರು

ಮೇಡಂ, ನಾನು ಸುಮ್ಮನಿದ್ದವನು. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ನಮ್ಮ ಬ್ಯಾಂಕಿನ ಶಾಖೆಗಳನ್ನು ಕೋರ್ ಬ್ಯಾಂಕಿಂಗ್‌ಗೆ, ಅಂದರೆ ಎಲ್ಲಾ ಶಾಖೆಗೂ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ, ತರುತ್ತಿದ್ದ ಕಾಲ. ಒಂದು ಗುಂಪಿನ ಶಾಖೆಗಳು ತಿಂಗಳ ಕೊನೆಯ ಶನಿವಾರ ಬದಲಾಗಬೇಕಿತ್ತು. ಪಿಂಚಣಿ ಖಾತೆಗಳನ್ನು ಸರಿಯಾಗಿ ಟೆಸ್ಟ್ ಮಾಡಿರಲಿಲ್ಲ ಎಂದು ನನಗೆ ಗೊತ್ತಿತ್ತು. ಮೀಟಿಂಗ್‌ನಲ್ಲಿ ಜನರಲ್ ಮ್ಯಾನೇಜರ್ "ಎಲ್ಲಾ ಸರಿ ಇದೆಯಲ್ಲ?" ಎಂದು ಸುತ್ತ ನೋಡಿದರು. ನಾನು ತಲೆಯಾಡಿಸಿದೆ. ಒಂದನೇ ತಾರೀಖು ಬಂತು. ಪಿಂಚಣಿ ಜಮಾ ಆಗಲಿಲ್ಲ. ಹಾಸನ ಜಿಲ್ಲೆಯ ಒಂದು ಶಾಖೆಗೆ ನಾನೇ ಓಡಿದೆ. ಎಂಬತ್ತು ದಾಟಿದ ಒಬ್ಬ ಮೇಷ್ಟ್ರು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೆಂಚಿನ ಮೇಲೆ ಕೂತಿದ್ದರು. ಕೂಗಾಡಲಿಲ್ಲ. ಮಾತ್ರೆ ತರಲು ದುಡ್ಡು ಬೇಕಿತ್ತು ಎಂದಷ್ಟೇ ಹೇಳಿದರು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಇನ್ನು ವೆಂಡರ್‌ನ ಹಸಿರು ಬಣ್ಣದ ವಿಷಯ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿಗೆ ಏನಾಯಿತು ಎಂದು ನಿಮ್ಮ ಸಿಎಫ್‌ಓಗೂ ಹೇಳಿ. ಟಿಎಸ್‌ಬಿಯ ಮಾಲೀಕತ್ವ ಸ್ಪೇನ್‌ನ ಸಬಾಡೆಲ್ ಬ್ಯಾಂಕಿನದಾಗಿತ್ತು. ಸಬಾಡೆಲ್ ಗುಂಪಿನದೇ ಆದ ಸಾಬಿಸ್ ಎಂಬ ಐಟಿ ಕಂಪನಿ ಕಟ್ಟಿದ ಹೊಸ ವ್ಯವಸ್ಥೆಗೆ 2018ರ ಏಪ್ರಿಲ್‌ನಲ್ಲಿ ಎಲ್ಲರನ್ನೂ ಒಂದೇ ಸಲ ಸಾಗಿಸಿದರು. ಡೇಟಾ ಸರಿಯಾಗಿಯೇ ಹೋಯಿತು. ವ್ಯವಸ್ಥೆ ಕೈಕೊಟ್ಟಿತು. 52 ಲಕ್ಷ ಗ್ರಾಹಕರಲ್ಲಿ ದೊಡ್ಡ ಪಾಲು ಜನ ಕಷ್ಟಕ್ಕೆ ಸಿಕ್ಕರು. ಪೂರ್ತಿ ಸರಿಹೋಗಲು ಡಿಸೆಂಬರ್ ಆಯಿತು. 2022ರ ಡಿಸೆಂಬರ್‌ನಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡ್‌ಗೂ ಜಾಸ್ತಿ ದಂಡ ಬಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. 2023ರ ಏಪ್ರಿಲ್‌ನಲ್ಲಿ, ಆಗ ಸಿಐಓ ಆಗಿದ್ದ ಕಾರ್ಲೋಸ್ ಅಬಾರ್ಕಾ ಅವರಿಗೇ ಸ್ವಂತವಾಗಿ 81,620 ಪೌಂಡ್ ದಂಡ ಹಾಕಿದರು.

ಅವರ ತಪ್ಪು ಏನು ಗೊತ್ತೇ? ಸಾಬಿಸ್ "ತಯಾರಿದ್ದೇವೆ" ಎಂದು ಬರೆದು ಕೊಟ್ಟದ್ದನ್ನು ಸಾಕಷ್ಟು ಕೆದಕದೆ ನಂಬಿದ್ದು. ಸಾಬಿಸ್ ತಾನೂ 85 ಬೇರೆ ಕಂಪನಿಗಳನ್ನು ನೆಚ್ಚಿಕೊಂಡಿತ್ತು.

ಆದ್ದರಿಂದ ಮುಂದಿನ ಶುಕ್ರವಾರ ಬಣ್ಣ ನೋಡಬೇಡಿ. ಒಂದೊಂದು ಸಾಲಿಗೂ ಮೂರು ಮಾತು ಕೇಳಿ. ಏನನ್ನು ಓಡಿಸಿ ನೋಡಿದಿರಿ? ಎಷ್ಟು ಎಂಟ್ರಿ? ನಮ್ಮವರು ಯಾರು ಪಕ್ಕದಲ್ಲಿದ್ದರು? ಉತ್ತರವನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ನೀವು ಏನೂ ವಾದ ಮಾಡಬೇಕಿಲ್ಲ, ಹಸಿರು ತಾನಾಗಿ ಕಡಿಮೆಯಾಗುತ್ತದೆ.

ಬೆಳಗಾವಿ ಉದ್ಯಮಬಾಗ್‌ನಲ್ಲಿ ಫೌಂಡ್ರಿಯ ಐಟಿ ನೋಡಿಕೊಳ್ಳುವವನು

ಸ್ಟೋರ್ಸ್‌ನವರು ಬರುವುದಿಲ್ಲ ಎಂದಿರಲ್ಲ ಅಕ್ಕಾ, ನಾನೂ ಎರಡು ತಿಂಗಳು ಹಾಗೆಯೇ ದೂರಿದೆ. ಬದಲಾವಣೆ ಬೇಡ ಎನ್ನುವ ಜನ ಎಂದುಕೊಂಡಿದ್ದೆ. ಆಮೇಲೆ ಒಂದು ದಿನ ಸ್ಟೋರ್ಸ್‌ಗೇ ಹೋಗಿ ಸ್ಟೂಲ್ ಹಾಕಿಕೊಂಡು ಕೂತೆ.

ಆಗ ಗೊತ್ತಾಯಿತು. ಅಲ್ಲಿ ಇದ್ದವರು ಇಬ್ಬರೇ. ಒಬ್ಬರು ಲಾರಿ ಇಳಿಸಿಕೊಳ್ಳುತ್ತಾರೆ, ಇನ್ನೊಬ್ಬರು ಮಾಲು ಕೊಡುತ್ತಾರೆ. ಅವರು ನನ್ನ ಟೆಸ್ಟಿಂಗ್‌ಗೆ ಅರ್ಧ ದಿನ ಬಂದರೆ ಲೈನ್ ನಿಲ್ಲುತ್ತದೆ. ಬೈಸಿಕೊಳ್ಳುವವರು ಅವರು, ನಾನಲ್ಲ. ಅವರ ಜಾಗಕ್ಕೆ ಯಾರನ್ನೂ ಕೊಡದೆ ಮೇಲ್ ಮೇಲೆ ಮೇಲ್ ಕಳಿಸುತ್ತಾ ಕೂತಿದ್ದೆ ನಾನು. ಪ್ಲಾಂಟ್ ಹೆಡ್ ಹತ್ತಿರ ಹೋಗಿ, ಆರು ವಾರಕ್ಕೆ ಒಬ್ಬ ಟ್ರೈನಿಯನ್ನು ಸ್ಟೋರ್ಸ್‌ಗೆ ಕೊಡಿಸಿದೆ. ಮರುದಿನದಿಂದಲೇ ಹಿರಿಯರು ಬರತೊಡಗಿದರು.

ಅವರ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇತ್ತು. ನಮ್ಮಲ್ಲಿ ಕೆಲವು ಮಾಲು ಕಿಲೋ ಲೆಕ್ಕದಲ್ಲಿ ಬರುತ್ತದೆ, ಕೊಡುವಾಗ ನಗ ಲೆಕ್ಕ. ಯಾವ ಪೀಸ್ ಎಷ್ಟು ತೂಕ ಎಂದು 22 ವರ್ಷದಿಂದ ಅದರಲ್ಲಿ ಬರೆದಿಟ್ಟಿದ್ದರು. ಸಿಸ್ಟಮ್‌ನಲ್ಲಿ ಇದ್ದ ತೂಕಕ್ಕೂ ಅದಕ್ಕೂ ಎಷ್ಟೋ ಕಡೆ ಹೊಂದಿಕೆಯೇ ಇರಲಿಲ್ಲ. ಒಂದೇ ಬೋಲ್ಟ್‌ಗೆ ಮೂರು ಕೋಡ್ ಇದ್ದದ್ದೂ ಅಲ್ಲೇ ಸಿಕ್ಕಿತು. ವೆಂಡರ್‌ನ ಕನ್ಸಲ್ಟೆಂಟ್‌ಗೆ ಇದು ತಿಳಿಯಲು ದಾರಿಯೇ ಇಲ್ಲ. ಎಂಟು ದಿನ ಕೂತು ಇಬ್ಬರೂ ಸೇರಿ ಸರಿಮಾಡಿದೆವು.

ಮೇಲಿನವರು ನಿಮ್ಮ ಮಾತು ಕೇಳಬೇಕಾದರೆ ಮೊದಲು ಕೆಳಗಿನವರು ನಿಮ್ಮ ಜೊತೆ ಇರಬೇಕು. "ನನಗೆ ಅನಿಸುತ್ತದೆ" ಎಂದರೆ ಎಂಡಿ ಕೇಳುವುದಿಲ್ಲ. "ಸ್ಟೋರ್ಸ್‌ನ ಅಣ್ಣ ಹೀಗೆ ತೋರಿಸಿದರು" ಎಂದರೆ ಕೇಳುತ್ತಾರೆ. ಅವರನ್ನು ಎಂಡಿಗೆ ನಿಮಗಿಂತ ಜಾಸ್ತಿ ವರ್ಷದಿಂದ ಗೊತ್ತು.

ಇನ್ನೊಂದು ಸಲಹೆ. ಮೂರು ಪ್ಲಾಂಟ್ ಒಟ್ಟಿಗೆ ಬೇಡ, ಒಂದನ್ನು ಮೊದಲು ಮಾಡಿ.

ಹಣಕಾಸಿನ ಕಡೆಯವನು, ಒಂದು ಕಾರ್ಖಾನೆಯ ಸಿಎಫ್‌ಓ, ಬೆಂಗಳೂರು

ನಾನು ಮೇಜಿನ ಆ ಕಡೆಯವನು. ನಿಮ್ಮ ಸಿಎಫ್‌ಓ ಹಾಗೆ ಅಂದದ್ದು ಯಾಕೆ ಎಂದು ಊಹಿಸಬಲ್ಲೆ. "ತಯಾರಿಲ್ಲ" ಎಂಬ ಮಾತಿನಲ್ಲಿ ಅವರು ಹಿಡಿದುಕೊಳ್ಳಲು ಏನೂ ಇರಲಿಲ್ಲ. ಎಷ್ಟು ನಷ್ಟ, ಯಾವಾಗ, ಯಾರ ತಲೆಗೆ? ಇದು ಇಲ್ಲದಿದ್ದರೆ ನಮಗೆ ಅದು ಬರೀ ಆತಂಕದ ಹಾಗೆ ಕೇಳುತ್ತದೆ. ನಮ್ಮ ಐಟಿ ಮುಖ್ಯಸ್ಥರ ಮಾತನ್ನು ನಾನೂ ಹಾಗೆ ತಳ್ಳಿಹಾಕಿದ್ದೇನೆ, ಅದರ ಬೆಲೆಯನ್ನೂ ಕೊಟ್ಟಿದ್ದೇನೆ.

ನಿಮ್ಮ ಪ್ರಶ್ನೆಯಲ್ಲೇ ದೊಡ್ಡ ವಿಷಯ ಅಡಗಿದೆ. ಜಾಬ್ ವರ್ಕ್ ಲೆಕ್ಕ ತಾಳೆಯಾಗುತ್ತಿಲ್ಲ ಎಂದಿರಿ. ಅದು ಐಟಿ ಸಮಸ್ಯೆ ಅಲ್ಲ ಮೇಡಂ, ತೆರಿಗೆ ಸಮಸ್ಯೆ. ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ, ಕಳಿಸಿದ ದಿನವೇ ಮಾರಿದ ಹಾಗೆ ಜಿಎಸ್‌ಟಿ ಲೆಕ್ಕ ಹಿಡಿಯುತ್ತದೆ. ಬಡ್ಡಿ ಬೇರೆ. ಮಾಲಿನ ಜೊತೆ ಹೋಗುವ ಚಲನ್‌ನ ತಾರೀಖುಗಳು ಹೊಸ ಸಿಸ್ಟಮ್‌ಗೆ ತಪ್ಪಾಗಿ ಹೋದರೆ ನೋಟಿಸ್ ಬರುವುದು ಸಿಎಫ್‌ಓ ಟೇಬಲ್‌ಗೆ. ಇದನ್ನು ಹೇಳಿ ನೋಡಿ, ಅವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಎರಡನೆಯದು ಡಿಸ್ಪ್ಯಾಚ್, ಅಂದರೆ ಗಿರಾಕಿಗೆ ಮಾಲು ಕಳಿಸುವುದು. 2023ರ ಆಗಸ್ಟ್ 1ರಿಂದ 5 ಕೋಟಿಗೆ ಮೇಲೆ ವಹಿವಾಟು ಇದ್ದವರಿಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್) ಕಡ್ಡಾಯ. ಪೋರ್ಟಲ್‌ನಿಂದ ನಂಬರ್ ಬರದೆ ಲಾರಿ ಗೇಟ್ ದಾಟುವ ಹಾಗಿಲ್ಲ. ಮೊದಲಿನ ಹಾಗೆ ಕೈಬರಹದ ಬಿಲ್ ಕೊಟ್ಟು ಕಳಿಸಿ, ಆಮೇಲೆ ಎಂಟ್ರಿ ಮಾಡುವ ಕಾಲ ಹೋಯಿತು. ನಿಮ್ಮ ಗಿರಾಕಿಯ ಲೈನ್ ನಿಂತರೆ ಅವರು ಗಂಟೆ ಲೆಕ್ಕದಲ್ಲಿ ನಷ್ಟವನ್ನು ನಿಮ್ಮ ಖಾತೆಗೆ ಹಾಕಿ ಡೆಬಿಟ್ ನೋಟ್ ಕಳಿಸುತ್ತಾರೆ. ಒಂದು ದಿನ ಡಿಸ್ಪ್ಯಾಚ್ ನಿಂತರೆ ಎಷ್ಟು ರೂಪಾಯಿ? ಆ ಒಂದು ಸಂಖ್ಯೆ ನಿಮ್ಮ ಹತ್ತಿರ ಇರಲಿ.

ಏಪ್ರಿಲ್ 1 ಬಗ್ಗೆಯೂ ಹೇಳಬೇಕು. ಓಪನಿಂಗ್ ಬ್ಯಾಲೆನ್ಸ್ ಸಲೀಸು ಎಂದು ಎಲ್ಲರೂ ಆ ದಿನವನ್ನೇ ಆರಿಸುತ್ತಾರೆ. ಆದರೆ ಆಗಲೇ ಮಾರ್ಚ್ ಕ್ಲೋಸಿಂಗ್, ಸ್ಟಾಕ್ ಎಣಿಕೆ, ಆಡಿಟರ್‌ಗಳು, ಹೊಸ ಬಿಲ್ ಸೀರೀಸ್, ಎಲ್ಲವೂ ಒಟ್ಟಿಗೆ ಬರುತ್ತವೆ. ನನ್ನ ಅಕೌಂಟ್ಸ್ ಹುಡುಗರು ಆ ಮೂರು ವಾರ ಊಟಕ್ಕೇ ಏಳುವುದಿಲ್ಲ. ಅವರಿಗೆ ಹೊಸ ಸ್ಕ್ರೀನ್ ಕೊಟ್ಟರೆ ಎರಡೂ ಕೆಡುತ್ತದೆ. ಜುಲೈ 1 ಅಥವಾ ಅಕ್ಟೋಬರ್ 1 ಎಷ್ಟೋ ವಾಸಿ.

ಬೆಳಗಾವಿಯವರು ಒಂದು ಪ್ಲಾಂಟ್ ಮೊದಲು ಎಂದರು. ಇಲ್ಲಿ ನಾನು ಒಪ್ಪುವುದಿಲ್ಲ. ಹೊಸೂರು ತಮಿಳುನಾಡಿನಲ್ಲಿದೆ, ಜಿಎಸ್‌ಟಿ ನಂಬರ್ ಬೇರೆ. ಪೀಣ್ಯದಿಂದ ಹೊಸೂರಿಗೆ ನಿಮ್ಮದೇ ಮಾಲು ಹೋದರೂ ಟ್ಯಾಕ್ಸ್ ಇನ್‌ವಾಯ್ಸ್ ಆಗಬೇಕು. ಒಂದು ಕಡೆ ಹಳೆಯದು, ಒಂದು ಕಡೆ ಹೊಸದು ಎಂದಾದರೆ ಆ ನಡುವಿನ ಲೆಕ್ಕವನ್ನು ತಿಂಗಳುಗಟ್ಟಲೆ ಎಕ್ಸೆಲ್‌ನಲ್ಲಿ ಹಿಡಿಯಬೇಕಾಗುತ್ತದೆ. ಪ್ಲಾಂಟ್‌ಗಳ ನಡುವೆ ಓಡಾಟ ಕಡಿಮೆ ಇದ್ದರೆ ಮಾತ್ರ ಅದು ಸರಿ.

ಕೊನೆಗೆ ಒಂದು ಮಾತು. ರಿವ್ಯೂ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಇದನ್ನು ಎತ್ತಬೇಡಿ. ಎಂಡಿ ಬೋರ್ಡಿಗೆ ಮಾತು ಕೊಟ್ಟವರು, ನಾಲ್ಕು ಜನರ ಮುಂದೆ ಹಿಂದೆಗೆಯುವುದಿಲ್ಲ. ಸಿಎಫ್‌ಓ ಒಬ್ಬರೇ ಇದ್ದಾಗ ಹೋಗಿ, ಅವರೇ ಎಂಡಿಗೆ ಹೇಳುವಂತೆ ಮಾಡಿ. ಏಪ್ರಿಲ್ ಬೇಡ ಎನ್ನಬೇಡಿ. ಇಂತಿಷ್ಟು ಬಿಲ್ ತಪ್ಪಿಲ್ಲದೆ ಓಡಿದರೆ ಏಪ್ರಿಲ್, ಇಲ್ಲದಿದ್ದರೆ ಜುಲೈ ಎನ್ನಿ. ಆ ಷರತ್ತಿಗೆ ಈಗಲೇ ಎಲ್ಲರ ಸಹಿ ಆಗಲಿ.

ಬೆಂಗಳೂರು ಬಿಟ್ಟು ಈಗ ಜರ್ಮನಿಯಲ್ಲಿರುವವಳು, ಇಂಥ ಮೂರು ಬದಲಾವಣೆ ನಡೆಸಿದವಳು

ನಿಮ್ಮ 14 ಜನರ ಬಗ್ಗೆ ಯಾರೂ ಬರೆಯಲಿಲ್ಲ.

ನನ್ನ ಎರಡನೇ ಪ್ರಾಜೆಕ್ಟ್‌ನಲ್ಲಿ ಇಂಟರ್‌ಫೇಸ್‌ಗಳೆಲ್ಲ, ಅಂದರೆ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಇರುವ ಕೊಂಡಿಗಳೆಲ್ಲ, ಒಬ್ಬ ಹುಡುಗನ ತಲೆಯಲ್ಲಿದ್ದವು. ಗೋ-ಲೈವ್ (ಹೊಸ ಸಿಸ್ಟಮ್ ಚಾಲೂ ಆಗುವ) ವಾರವೇ ಅವನ ಹೆಂಡತಿಗೆ ಹೆರಿಗೆ. ನಾಲ್ಕು ದಿನ ರಜೆ ಕೇಳಿದ. ನಾನು ಕೊಡಲಿಲ್ಲ. ತಾರೀಖು ನನ್ನ ಕೈಯಲ್ಲಿಲ್ಲ ಎಂದೆ. ಅವನು ಮಗುವನ್ನು ಮೊದಲು ನೋಡಿದ್ದು ಫೋನಿನಲ್ಲಿ. ಗೋ-ಲೈವ್ ಆದ ಮೂರನೇ ವಾರ ರಾಜೀನಾಮೆ ಕೊಟ್ಟ, ಇನ್ನಿಬ್ಬರು ಅವನ ಹಿಂದೆಯೇ ಹೋದರು. ಕಂಪನಿಗೆ ಆದ ನಷ್ಟ ಇರಲಿ, ಆ ನಾಲ್ಕು ದಿನವನ್ನು ಅವನಿಗೆ ನಾನು ಎಲ್ಲಿಂದ ತಂದುಕೊಡಲಿ?

ತಾರೀಖಿನ ಮಾತು ಆಡುವಾಗ ಇದನ್ನೂ ಲೆಕ್ಕಕ್ಕೆ ತನ್ನಿ. ಯಾರ ಮನೆಯಲ್ಲಿ ಮದುವೆ, ಯಾರ ಮಗಳಿಗೆ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಯಾರಿಗೆ ಬೇರೆ ಕಡೆಯಿಂದ ಆಫರ್ ಬಂದಿದೆ, ಈಗಲೇ ಒಬ್ಬೊಬ್ಬರ ಜೊತೆ ಕೂತು ಕೇಳಿ. ಒಂದೇ ತಲೆಯಲ್ಲಿರುವ ಕೆಲಸವನ್ನು ಇನ್ನೊಂದು ತಲೆಗೂ ದಾಟಿಸಿ. ಮತ್ತೆ, ವಾಪಸ್ ಹಳೆಯದಕ್ಕೆ ಬರುವ ದಾರಿಯನ್ನು ಒಮ್ಮೆಯಾದರೂ ನಿಜವಾಗಿ ನಡೆದು ನೋಡಿ. ಕಾಗದದ ಮೇಲೆ ಇದ್ದರೆ ಸಾಲದು.

ಪ್ರಶ್ನೆ ಕೇಳಿದವಳು, ಐದು ವಾರದ ನಂತರ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಏನಾಯಿತು ಎಂದು ಹೇಳಬೇಕಲ್ವಾ.

ಮೊದಲು ದಾಬಸ್‌ಪೇಟೆ ಸ್ಟೋರ್ಸ್‌ನಲ್ಲಿ ಕೂತೆ. ಅಲ್ಲೂ ಬೆಳಗಾವಿಯವರು ಹೇಳಿದ್ದೇ ಕಥೆ, ನೋಟ್‌ಬುಕ್ ಬದಲು ಗೋಡೆಯ ಮೇಲಿನ ಕ್ಯಾಲೆಂಡರ್. ಪ್ಲಾಂಟ್ ಹೆಡ್ ಇಬ್ಬರು ಹುಡುಗರನ್ನು ಕೊಟ್ಟರು. ಡಿಸೆಂಬರ್‌ನ ಎರಡು ದಿನದ ನಿಜವಾದ ಡಿಸ್ಪ್ಯಾಚನ್ನು ಹೊಸ ಸಿಸ್ಟಮ್‌ನಲ್ಲಿ ನಮ್ಮವರ ಕೈಯಿಂದಲೇ ಓಡಿಸಿದೆವು. 212 ಬಿಲ್‌ಗಳಲ್ಲಿ 61 ಮುಂದಕ್ಕೆ ಹೋಗಲಿಲ್ಲ. ಅದರಲ್ಲಿ ಹೊಸೂರಿನವೇ ಜಾಸ್ತಿ. ವೆಂಡರ್‌ಗೆ ಮೈಸೂರಿನ ಸರ್ ಹೇಳಿದ ಮೂರು ಪ್ರಶ್ನೆ ಕೇಳಿದೆ. ಹಸಿರು ಇದ್ದ 40 ಸಾಲಿನಲ್ಲಿ 17 ಉಳಿದವು.

ಆ ಹಾಳೆ ಹಿಡಿದು ಸಿಎಫ್‌ಓ ಹತ್ತಿರ ಒಬ್ಬಳೇ ಹೋದೆ. ಜಾಬ್ ವರ್ಕ್ ಚಲನ್‌ಗಳಿಂದಲೇ ಶುರು ಮಾಡಿದೆ. ಬಹಳ ಹೊತ್ತು ಓದಿದರು. "ಇದನ್ನ ಮೊದಲೇ ಯಾಕೆ ಹೀಗೆ ಹೇಳಲಿಲ್ಲ?" ಎಂದರು. ಸಂಜೆ ಅವರೇ ಎಂಡಿ ರೂಮಿಗೆ ಕರೆದುಕೊಂಡು ಹೋದರು. ಎಂಡಿಗೆ ಸಿಟ್ಟು ಬಂತು, ಬಂದೇ ಬಂತು. ಆಮೇಲೆ ಹೊಸೂರಿನ 38 ಬಿಲ್‌ಗಳನ್ನು ಒಂದೊಂದಾಗಿ ನೋಡಿದರು. ಜುಲೈ 1ಕ್ಕೆ ಒಪ್ಪಿದ್ದಾರೆ. ಮೇ ತಿಂಗಳಲ್ಲಿ ಇದೇ ಎರಡು ದಿನದ ಬಿಲ್‌ಗಳು ಒಂದೂ ತಪ್ಪಿಲ್ಲದೆ ಓಡಬೇಕು ಎಂಬ ಷರತ್ತಿಗೆ ಮೂವರೂ ಸಹಿ ಹಾಕಿದ್ದೇವೆ. ತಂಡದ ಒಬ್ಬರ ಮಗಳ ಪರೀಕ್ಷೆ ಮಾರ್ಚ್‌ನಲ್ಲಿದೆ. ಅವರಿಗೆ ಎರಡು ವಾರ ರಜೆ ಬರೆದು ಕೊಟ್ಟೆ.

ಇನ್ನೂ ಒಂದು ಬಾಕಿ ಇದೆ. ಮುಂದಿನ ತಿಂಗಳು ಬೋರ್ಡ್ ಮೀಟಿಂಗ್. "ತಾರೀಖು ಯಾಕೆ ಮುಂದೆ ಹೋಯಿತು ಅಂತ ನೀವೇ ಬಂದು ಹೇಳಿ" ಎಂದಿದ್ದಾರೆ ಎಂಡಿ. ಹತ್ತು ನಿಮಿಷ ಕೊಡುತ್ತಾರಂತೆ. ಬೋರ್ಡಿನ ಮುಂದೆ ನಿಂತು ಅಭ್ಯಾಸ ಇದ್ದವರು, ಅವರು ಏನೇನು ಕೇಳುತ್ತಾರೆ ಎಂದು ಬರೆಯುತ್ತೀರಾ?