ಪದಚರ್ಚೆ: ಜೀಪಿನ ಆಯಿಲ್ ಸೋರುತ್ತದೆಯೋ, ಒಸರುತ್ತದೆಯೋ, ಬೆವರುತ್ತದೆಯೋ?

ಬಲ್ಲವರೆಲ್ಲರಿಗೂ ನಮಸ್ಕಾರ.

ಮೂಡಿಗೆರೆ ಕಡೆಯ ನಮ್ಮೂರಿನಲ್ಲಿ ತೋಟಕ್ಕೂ ಪೇಟೆಗೂ ಜೀಪು ಓಡಿಸುವ ಹುಡುಗರಿಗಾಗಿ ಎಂಟು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಭಾಗವನ್ನು ತಾವೇ ನೋಡಿಕೊಳ್ಳುವುದು ಹೇಗೆ ಎಂಬುದು ವಿಷಯ. ಮೂರನೆಯ ಪುಟದಲ್ಲಿ ಒಂದು ಕ್ರಿಯಾಪದದ ಬಳಿ ನಿಂತು ಹದಿನೈದು ದಿನವಾಯಿತು. ನಿಮ್ಮ ನೆರವು ಬೇಕು.

ಮೊದಲು ಪ್ರಸಂಗ ಹೇಳುತ್ತೇನೆ. ನಮ್ಮ ಹಳೆಯ ಜೀಪಿನ ಹ್ಯಾಂಡ್‌ಬ್ರೇಕ್ ಇಳಿಜಾರಿನಲ್ಲಿ ಹಿಡಿಯದಾಯಿತು. ಆ ಕಾಲದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಚಕ್ರದಲ್ಲಿ ಇರುವುದಿಲ್ಲ; ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ಬೆನ್ನಿಗೆ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಆ ಬಲವನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ದಂಡ) ಹೊರಡುವ ಜಾಗದಲ್ಲಿ ಇರುತ್ತದೆ. ಅಲ್ಲಿ ಆಯಿಲ್ ಹೊರಬರದಂತೆ ತಡೆಯುವ ಬಳೆ, ಅಂದರೆ ಆಯಿಲ್ ಸೀಲ್, ಸವೆದರೆ ಗೇರ್ ಆಯಿಲ್ ಡ್ರಮ್ಮಿನೊಳಕ್ಕೆ ಹೋಗಿ, ಡ್ರಮ್ಮನ್ನು ಒತ್ತಿ ಹಿಡಿಯುವ ಲೈನರ್ ನೆನೆದು ಬ್ರೇಕ್ ಜಾರುತ್ತದೆ. ಗಾಡಿಯ ಅಡಿಗೆ ನುಸುಳಿ ನೋಡಿದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ವರೆಗೆ ಎಲ್ಲವೂ ಜಿಡ್ಡು, ಜಿಡ್ಡಿನ ಮೇಲೆ ಕೆಂಪು ಧೂಳು. “ಎಲ್ಲ ಕಡೆಯೂ ಸೋರುತ್ತಿದೆ” ಎಂದೆ.

ಗ್ಯಾರೇಜಿನ ಹಿರಿಯರು ಒಪ್ಪಲಿಲ್ಲ. ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಎಲ್ಲವನ್ನೂ ತೊಳೆದು, ಬಟ್ಟೆಯಿಂದ ಒರೆಸಿ, ಹತ್ತು ಕಿಲೋಮೀಟರ್ ಓಡಿಸಿಕೊಂಡು ಬರಲು ಹೇಳಿದರು. ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ಹರಡುವುದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಮುಂದಿನದು ಯಾವುದೋ ಅದೇ ಮೂಲ ಎಂಬುದು ಅವರ ಲೆಕ್ಕ. ಬಂದ ಮೇಲೆ ಟಾರ್ಚು ಹಿಡಿದು ಒಂದೊಂದನ್ನೇ ಬೆರಳಿಟ್ಟು ತೋರಿಸಿದರು: “ಹಿಂದಿನ ಹೌಸಿಂಗಿನ ಪ್ಯಾಕಿಂಗ್ ಬೆವರುತ್ತಿದೆ, ಅದನ್ನು ಮುಟ್ಟಬೇಡಿ ಸಾರ್. ಗೇರ್‌ಬಾಕ್ಸಿನ ಕೆಳಗೆ ಒಸರುತ್ತಿದೆ, ಬೋಲ್ಟು ಬಿಗಿ ಮಾಡಿದರೆ ನಿಲ್ಲುತ್ತದೆ. ಸೋರುತ್ತಿರುವುದು ಈ ಸೀಲ್ ಒಂದೇ.” (ಹೌಸಿಂಗ್ ಎಂದರೆ ಆಕ್ಸಲ್ಲಿನ ಹೊರಕವಚ; ಪ್ಯಾಕಿಂಗ್ ಎಂದರೆ ಕವಚದ ಭಾಗಗಳು ಕೂಡುವಲ್ಲಿ ಇಡುವ ತೆಳು ಹಾಳೆ.)

ಮೂರು ಕ್ರಿಯಾಪದ, ಮೂರು ಬೇರೆ ಬೇರೆ ರಿಪೇರಿ. ಮನೆಗೆ ಬಂದು ಯೋಚಿಸಿದಾಗ ಈ ಮೂರರ ವ್ಯಾಕರಣವೂ ಬೇರೆ ಎಂದು ಹೊಳೆಯಿತು. ಸೋರುವುದಕ್ಕೆ ಪಾತ್ರೆಯೂ ಕರ್ತೃವಾಗುತ್ತದೆ, ಒಳಗಿರುವುದೂ ಆಗುತ್ತದೆ: ಕೊಡ ಸೋರುತ್ತದೆ, ನೀರೂ ಸೋರುತ್ತದೆ. ಒಸರುವುದು ದ್ರವ ಮಾತ್ರ. ಬಂಡೆಯ ಸಂದಿಯಿಂದ ನೀರು ಒಸರುತ್ತದೆ ಎನ್ನುತ್ತೇವೆ. ಬಂಡೆಯೇ ಒಸರುತ್ತದೆ ಎಂದರೆ ನನ್ನ ಕಿವಿ ಒಪ್ಪುವುದಿಲ್ಲ. ಬೆವರುವುದು ಇದಕ್ಕೆ ತಿರುಗುಮುರುಗು. ಮಣ್ಣಿನ ಹೂಜಿ ಬೆವರುತ್ತದೆ, ಅದರೊಳಗಿನ ನೀರು ಬೆವರುವುದಿಲ್ಲ. ಹೂಜಿ ಬೆವರಿತೆಂದು ಯಾರೂ ಅದನ್ನು ಬಿಸಾಡುವುದಿಲ್ಲವಲ್ಲ, ಹಾಗೆಯೇ ಪ್ಯಾಕಿಂಗ್ ಬೆವರಿತೆಂದು ಹೌಸಿಂಗ್ ಬಿಚ್ಚಬೇಕಾಗಿಲ್ಲ. ಒರೆಸಿ, ಆಯಿಲ್ ಮಟ್ಟ ನೋಡಿಕೊಂಡರೆ ಸಾಕು. “ಮುಟ್ಟಬೇಡಿ” ಎಂಬ ಸಲಹೆ ಆ ಪದದೊಳಗೇ ಇದೆ. ನನಗೆ ಇದು ಬಹಳ ಹಿಡಿಸಿತು.

ಅಚ್ಚಿನ ಕನ್ನಡಕ್ಕೆ ಬಂದಾಗ ಈ ಮೂರನ್ನೂ “ಸೋರಿಕೆ” ನುಂಗಿಬಿಡುತ್ತದೆ. ಅನಿಲ ಸೋರಿಕೆ, ತೆರಿಗೆ ಸೋರಿಕೆ, ಪ್ರಶ್ನೆಪತ್ರಿಕೆ ಸೋರಿಕೆ, ಕೊನೆಗೆ ತೈಲ ಸೋರಿಕೆ. ನನ್ನ ಮೊದಲ ಕರಡಿನಲ್ಲಿಯೂ “ತೈಲ ಸೋರಿಕೆ ಕಂಡುಬಂದಲ್ಲಿ ಸೀಲ್ ಬದಲಿಸಿ” ಎಂದಿತ್ತು. ಅದನ್ನು ನಂಬಿದ ಹುಡುಗನೊಬ್ಬ ಬೆವರುವ ಪ್ಯಾಕಿಂಗಿಗೂ ದಿನವಿಡೀ ಗ್ಯಾರೇಜಿನಲ್ಲಿ ಕೂರಬೇಕಾದೀತು. ಆದ್ದರಿಂದ ನಾಮಪದವನ್ನು ತೆಗೆದುಹಾಕಿ ಕ್ರಿಯಾಪದಗಳನ್ನೇ ಇಡುವುದೆಂದು ತೀರ್ಮಾನಿಸಿದ್ದೇನೆ. ಜೊತೆಗೆ “ತೊಟ್ಟಿಕ್ಕು”ವುದನ್ನೂ ಸೇರಿಸಿದೆ, ಏಕೆಂದರೆ ತೊಟ್ಟನ್ನು ಎಣಿಸಬಹುದು: ರಾತ್ರಿ ಗಾಡಿಯ ಅಡಿಗೆ ರಟ್ಟು ಹಾಸಿ, ಬೆಳಿಗ್ಗೆ ಮುಂದೆ, ನಡುವೆ, ಹಿಂದೆ ಎಷ್ಟೆಷ್ಟು ತೊಟ್ಟು ಬಿದ್ದಿವೆ ಎಂದು ನೋಡಬಹುದು. “ಜಿನುಗು” ಬಿಟ್ಟಿದ್ದೇನೆ. ನಮ್ಮ ಕಡೆ ಜಿನುಗುವುದು ಮಳೆ. ಇಲಾಖೆಯವರ “ಜಿನುಗು ಕೆರೆ”ಯಲ್ಲಿ ನೀರು ಭೂಮಿಯೊಳಕ್ಕೆ ಇಳಿಯುತ್ತದೆ, ಇಲ್ಲಿ ಆಯಿಲ್ ಹೊರಗೆ ಬರುತ್ತಿದೆ.

ಇನ್ನೊಂದು ಇದೆ. ಇಂತಹ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಆಯಿಲ್ ಒಳಗಿಂದೊಳಗೇ ಟ್ರಾನ್ಸ್‌ಫರ್ ಕೇಸಿಗೆ ಹೋಗುವುದುಂಟು. ಹೊರಗೆ ಒಂದು ತೊಟ್ಟೂ ಕಾಣುವುದಿಲ್ಲ, ಅಲ್ಲಿ ಕಡಿಮೆ, ಇಲ್ಲಿ ಹೆಚ್ಚು. ಗ್ಯಾರೇಜಿನಲ್ಲಿ ಇದಕ್ಕೆ “ಆಯಿಲ್ ದಾಟಿದೆ” ಎನ್ನುತ್ತಾರೆ. ಇದಕ್ಕಿಂತ ಚೆನ್ನಾದ ಮಾತು ನನಗೆ ಸಿಕ್ಕಿಲ್ಲ.

ಎರಡನೆಯ ಪ್ರಶ್ನೆ, ಬ್ರೀದರ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು. ಆಕ್ಸಲ್ ಹೌಸಿಂಗಿನ ಮೇಲೆ ಬೆರಳ ತುದಿಯಷ್ಟು ಚಿಕ್ಕ ಮುಚ್ಚಳವಿರುತ್ತದೆ, ಒಳಗಿನ ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ಕೆಸರು ಮೆತ್ತಿ ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಒಳ್ಳೆಯ ಸೀಲನ್ನೂ ದಾಟಿಸಿ ಆಯಿಲನ್ನು ಹೊರಗೆ ದೂಡುತ್ತದೆ. ಎಷ್ಟು ಸೀಲ್ ಬದಲಿಸಿದರೂ ಅಷ್ಟೇ. ಬಿಸಿಯಾದ ಆಕ್ಸಲ್ ಹಳ್ಳದ ನೀರಿಗೆ ಇಳಿದರೆ ಇದೇ ಕೆಲಸ ತಿರುಗಿ ನಡೆಯುತ್ತದೆ: ಒಳಗಿನ ಗಾಳಿ ತಣಿದು ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ, ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. “ಹೌಸಿಂಗಿಗೆ ಉಸಿರು ಕಟ್ಟಿದೆ” ಎಂದು ಆ ಹಿರಿಯರು ಹೇಳಿದ ಮಾತಿನಿಂದಲೇ ಪದ ಕಟ್ಟೋಣವೆಂದುಕೊಂಡೆ. ಬೆಳಕಿಂಡಿಯ ಜಾಡಿನಲ್ಲಿ ಉಸಿರು, ಕಿಂಡಿ ಸೇರಿಸಿದರೆ “ಮಳೆಗಾಲ” ಎಂಬ ಪದದಲ್ಲಿ ಕಕಾರ ಗಕಾರವಾದಂತೆ “ಉಸಿರುಗಿಂಡಿ” ಆಗಬೇಕು. ಓದುವವರಿಗೆ ನೀರಿನ ಗಿಂಡಿ ನೆನಪಾದೀತೇ? ಸಂಧಿ ಮಾಡದೆ “ಉಸಿರುಕಿಂಡಿ” ಎಂದೇ ಬಿಡಬಹುದೇ? “ಉಸಿರುಗೊಳವೆ” ಎನ್ನೋಣವೆಂದರೆ ಅಲ್ಲಿ ಕೊಳವೆಯೇ ಇಲ್ಲ.

ಆಯಿಲ್ ಸೀಲ್, ಪ್ಯಾಕಿಂಗ್, ಹೌಸಿಂಗ್ ಇವುಗಳನ್ನು ಹಾಗೆಯೇ ಇಡುತ್ತೇನೆ. ಅಂಗಡಿಯಲ್ಲಿ “ತೈಲಮುದ್ರೆ ಕೊಡಿ” ಎಂದು ಕೇಳಿದವನಿಗೆ ಏನೂ ಸಿಗದು. ಫೋರ್ ವೀಲ್ ಡ್ರೈವ್ ಎಂಬುದನ್ನು ಮಾತ್ರ ಒಮ್ಮೆ ವಿವರಿಸಬೇಕು. ನಾಲ್ಕು ಚಕ್ರದ ವಾಹನ ಎಂದರೆ ಯಾವ ಕಾರೂ ಆದೀತು. “ನಾಲ್ಕೂ ಚಕ್ರ ಎಳೆಯುವ ಗಾಡಿ” ಎಂದು ಬರೆದಿದ್ದೇನೆ. “ನಾಲ್ಕೂ” ಎಂಬಲ್ಲಿನ ಆ ಒಂದು ದೀರ್ಘ ಸಾಕೆಂದು ನನ್ನ ಅನಿಸಿಕೆ.

ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ ಯಂತ್ರ ಬೆವರುತ್ತದೆಯೇ? ಟ್ರ್ಯಾಕ್ಟರ್ ಹೆಚ್ಚಿರುವ ಬಯಲುಸೀಮೆಯವರು, ಕರಾವಳಿಯ ದೋಣಿ ಎಂಜಿನ್ ರಿಪೇರಿ ಬಲ್ಲವರು ವಿಶೇಷವಾಗಿ ತಿಳಿಸಬೇಕು. ಒಸರುವುದಕ್ಕೆ ಪಾತ್ರೆಯನ್ನೇ ಕರ್ತೃವಾಗಿಸಿ ಮಾತಾಡುವ ಊರು ಯಾವುದಾದರೂ ಇದ್ದರೆ ವಾಕ್ಯವನ್ನು ಹಾಗೆಯೇ ಬರೆದು ಕಳುಹಿಸಿ. ಮೇ ಮೊದಲ ವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ.