ಬಳೀರಾಜಾ: ಕನ್ನಡದಾಗ ಏನ್ ಬರೀಬೇಕು? (ಅರ್ಜೆಂಟ್)

ಪುಣೆ, ಹಡಪಸರದಿಂದ:
ಎಲ್ಲಾರಿಗೂ ನಮಸ್ಕಾರ್ರಿ. ದೀಪಾವಳಿ ಪಾಡ್ಯಾದ ದಿನ ನಾವು ಕನ್ನಡ ಮಂದಿ ಇಲ್ಲಿ ಒಂದು ಕಾರ್ಯಕ್ರಮ ಇಟ್ಕೊಂಡೇವಿ, ಸುತ್ತಲ ಹಳ್ಳಿ ರೈತರನ್ನ ಕರದು ಶಾಲು ಹೊಚ್ಚೋದು. ಮರಾಠಿ ಫ್ಲೆಕ್ಸ್ ‘ಬಳೀರಾಜಾಚಾ ಸನ್ಮಾನ’ ಅಂತ ಆಗ್ಯದ, ಕನ್ನಡದ್ದು ಇವತ್ತ ರಾತ್ರಿ ಪ್ರೆಸ್ಸಿಗೆ ಕೊಡಬೇಕು. ‘ಬಲಿರಾಜನ ಸನ್ಮಾನ’ ಅಂದ್ರ ಓದಿದವ್ರಿಗೆ ಬಲಿ ಕೊಡೋದು ನೆನಪಾಗ್ತದ. ಇಲ್ಲಿ ಪೇಪರ್‌ದಾಗ ರೈತನಿಗೂ ಬಳೀರಾಜಾ ಅಂತಾರ, ವಾಮನ ತುಳದ ರಾಜಾನಿಗೂ ಬಳೀರಾಜಾ ಅಂತಾರ. ಎರಡೂ ಬರೂವಂಥ ಒಂದ ಶಬ್ದ ಕನ್ನಡದಾಗ ಅದ ಏನ್ರಿ?

ಮುಂಬೈ, ಮಾಟುಂಗಾದಿಂದ:
ಬಳಿರಾಜ ಅಂತಲೇ ಬರೀರಿ. ಸಂಸ್ಕೃತದ ಲಕಾರದ ಜಾಗದಲ್ಲಿ ಳಕಾರ ಬರೋದಕ್ಕೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಕ್ಷಳ ಅಂತ ಹೆಸರೇ ಇಟ್ಟಿದಾನೆ, ಶಾಸನಗಳಲ್ಲಿ ಬಳ, ಕಮಳ, ಜಳ ಬೇಕಾದಷ್ಟು ಸಿಗ್ತವೆ. ನಿಮ್ಮ ಪುಣೆಯಲ್ಲೇ ಅಪ್ಪಾ ಬಳವಂತ ಚೌಕ ಇದೆಯಲ್ಲ, ಅದೇ ಳ. ಮರಾಠಿಗೆ ಅದು ಹೋಗಿದ್ದು ನಮ್ಮಿಂದ.

ಗೋವಾ, ವಾಸ್ಕೋದಿಂದ:
ಇದು ಆಗ್ಲಿಕ್ಕಿಲ್ಲ. ಇವತ್ತು ಕನ್ನಡ ಓದುವವರಿಗೆ ಬಳಿ ಅಂದ್ರೆ ಹತ್ತಿರ, ಇಲ್ಲದಿದ್ರೆ ಸುಣ್ಣ ಬಳಿಯುವುದು. ಳಕಾರ ನಾವು ಕೊಟ್ಟದ್ದು ಅನ್ನುವ ಮಾತೂ ಬಿಡಿ, ಋಗ್ವೇದ ಶುರುವಾಗುವುದೇ ‘ಅಗ್ನಿಮೀಳೇ’ ಅಂತ.

ನಮ್ಮ ಕರಾವಳಿ, ಮಲೆನಾಡಿನ ಕಡೆ ಈ ರಾಜನಿಗೆ ಹೆಸರು ಇದ್ದೇ ಇದೆ, ಬಲೀಂದ್ರ. ತುಳುವಿನಲ್ಲಿ ಬಲಿಯೇಂದ್ರ. ಸಂಜೆ ಗದ್ದೆಗೆ ಹೋಗಿ ದೀಪ ಇಟ್ಟು, ಅವಲಕ್ಕಿ ಹೂವು ಹಾಕಿ, ‘ಕೂ’ ಅಂತ ಕೂಗಿ ಕರೆಯುವುದು, ಬಿಳಿಕಲ್ಲು ಹೂ ಬಿಟ್ಟಾಗ ಬಾ, ಉದ್ದಿನಕಾಳು ಮದ್ದಳೆ ಆದಾಗ ಬಾ ಅಂತ. ಅಂದ್ರೆ ಅವನಿಗೆ ವಾಪಸ್ ಬರ್ಲಿಕ್ಕೆ ಇಟ್ಟದ್ದು ಎಂದಿಗೂ ಆಗದ ಗಡುವು, ಆದ್ರೂ ಜನ ಪ್ರತಿ ವರ್ಷ ಕರೆಯುವುದು ಬಿಟ್ಟಿಲ್ಲ. ಇಲ್ಲಿ ಗೋವಾದಲ್ಲಿ ಚತುರ್ದಶಿಯ ಬೆಳಗಿನ ಜಾವ ನರಕಾಸುರನ ಪ್ರತಿಮೆ ಸುಡ್ತಾರೆ, ಅವನೂ ಅಸುರರ ರಾಜನೇ, ಅವನನ್ನು ಯಾರೂ ತಿರುಗಿ ಬಾ ಅನ್ನುವುದಿಲ್ಲ. ಬಲೀಂದ್ರ ಅಂತ ಹಾಕಿ.

ಡೊಂಬಿವಲಿಯಿಂದ:
ಬಲೀಂದ್ರ, ಬಲಿ ಚಕ್ರವರ್ತಿ ಎಲ್ಲಾ ಸಂಸ್ಕೃತವೇ. ಬಲಿಯರಸ ಅನ್ನಿ. ಬಲಿ ನಮ್ಮದೇ ಮಾತು, ಕಾಯಿ ಬಲಿಯಿತು ಅನ್ನಲ್ವಾ, ಬಲ್ಲಿದ, ಬಲ್ಮೆ ಎಲ್ಲಾ ಅದೇ ಬೇರು. ಸಂಸ್ಕೃತದ ಬಲ ಶಬ್ದವೇ ದ್ರಾವಿಡದಿಂದ ಹೋಗಿದ್ದು ಅಂತ ಕೆಲವು ಭಾಷಾವಿಜ್ಞಾನಿಗಳು ಬರೆದಿದ್ದಾರೆ, ನಮ್ಮ ಸೊತ್ತನ್ನೇ ಅವರಿಂದ ಸಾಲ ತಗೊಂಡ ಹಾಗೆ ಯಾಕೆ ಮಾತಾಡ್ಬೇಕು? ಬೆಳೆ ಬಲಿಯೋದಕ್ಕೂ ಹೊಂದತ್ತೆ, ರೈತನಿಗೂ ಸರಿ.

ಮಾಟುಂಗಾದಿಂದ:
ಬಲಿಯರಸ ಯಾರ ಬಾಯಲ್ಲೂ ಇಲ್ಲ. ಅಪ್ಪ ವಿರೋಚನ, ಅಜ್ಜ ಪ್ರಹ್ಲಾದ, ಗುರು ಶುಕ್ರಾಚಾರ್ಯ, ಅವರನ್ನೆಲ್ಲ ಹಾಗೇ ಇಟ್ಕೊಂಡು ಇವನೊಬ್ಬನಿಗೆ ಅಚ್ಚಗನ್ನಡ ಹೆಸರು ಹುಡುಕೋದ್ರಲ್ಲಿ ಅರ್ಥ ಇಲ್ಲ. ಎರವಲೇ ಬೇಡ ಅಂದ್ರೆ ಮೊದಲು ರೈತ ಬಿಡಿ, ಅದು ಅರಬ್ಬಿ ಮೂಲದ್ದು. ಒಕ್ಕಲಿಗ ಅನ್ನೋಣ ಅಂದ್ರೆ ಜಾತಿ ಹೆಸರಾಗಿ ಕೂತಿದೆ.
ಇನ್ನು ವೇದದ ಳ ಡಕಾರದ ಜಾಗದಲ್ಲಿ ಬಂದದ್ದು, ಈಡೇ ಹೋಗಿ ಈಳೇ. ಅದನ್ನ ತಂದು ಲಕಾರದ ಬಳಕ್ಕೆ ಜೋಡಿಸಬೇಡಿ.

ಪುಣೆ, ಕೋಥ್ರೂಡದಿಂದ:
ರಾಯರೇ, ಳಕಾರ ಸಾಕು, ಅವರಿಗೆ ರಾತ್ರಿಯೊಳಗೆ ಬೇಕು. ಮರಾಠಿಯಲ್ಲಿ ಬಳೀರಾಜಾ ಅಂದ್ರೆ ರೈತ ಅನ್ನೋದಕ್ಕೆ ಹಿನ್ನೆಲೆ ಇದೆ. ಇದೇ ಪುಣೆಯ ಜೋತಿಬಾ ಫುಲೆ 1873ರ ‘ಗುಲಾಮಗಿರಿ’ಯಲ್ಲಿ ಬಲಿಯನ್ನ ದುಡಿಯೋ ಜನರ ನ್ಯಾಯವಂತ ದೊರೆ ಅಂತ ನಿಲ್ಲಿಸಿದ್ರು, ವಾಮನನನ್ನ ಹೊರಗಿಂದ ಬಂದು ರಾಜ್ಯ ಕಸಿದವನು ಅಂತ. ಹಬ್ಬಕ್ಕೆ ಹೆಂಗಸರು ಆರತಿ ಎತ್ತುವಾಗ ‘ಇಡಾ ಪಿಡಾ ಟಳೋ, ಬಳೀಚೇ ರಾಜ್ಯ ಯೇವೋ’ (ಪೀಡೆ ತೊಲಗಲಿ, ಬಲಿಯ ರಾಜ್ಯ ಬರಲಿ) ಅನ್ನೋದು ಅದಕ್ಕಿಂತ ಹಳೇದು. ಕನ್ನಡದಲ್ಲಿ ಮಾತು ಆ ಕಡೆ ಹೊರಳಲಿಲ್ಲ, ನಮ್ಮಲ್ಲಿ ಬಲೀಂದ್ರ ರಾಜನಾಗೇ ಉಳಿದ, ಪೇಪರಿನವರಿಗೆ ರೈತ ಅನ್ನದಾತ ಆದ. ಹಾಗಾಗಿ ಒಂದೇ ಪದ ಬೇಕು ಅಂತ ಹಟ ಬೇಡ, ‘ಬಲೀಂದ್ರನ ಹಬ್ಬ, ರೈತರಿಗೆ ಸನ್ಮಾನ’ ಅಂತ ಹಾಕಿಬಿಡಿ.

ಹಡಪಸರದಿಂದ:
ಇದು ಭಾಳ ಛಲೋ ಆತ್ರಿ, ಇದನ್ನ ಕೊಟ್ಟೆ. ಪ್ರೆಸ್ಸಿನವ ‘ಬಲೇಂದ್ರ’ ಅಂತ ಟೈಪ್ ಮಾಡ್ಯಾನ, ನಡೀತದೇನು?

ಡೊಂಬಿವಲಿಯಿಂದ:
ಅರಸ ಅಂದಿದ್ರೆ ಈ ತೊಂದರೆಯೇ ಇರ್ತಿರಲಿಲ್ಲ.

ವಾಸ್ಕೋದಿಂದ:
ನಡೆಯುವುದಿಲ್ಲ. ಬಲೇಂದ್ರ ಅಂದ್ರೆ ಬಲದ ಇಂದ್ರ, ಹೆಸರೇ ಬೇರೆ ಆಯ್ತು. ಲೀ ದೀರ್ಘವೇ ಬೇಕು. ನೀವೇ ಟೈಪ್ ಮಾಡಿ ಪಿಡಿಎಫ್ ಕಳಿಸಿ, ಅಲ್ಲಿಯ ಕಂಪ್ಯೂಟರಿನಲ್ಲಿ ಕನ್ನಡದ ಒತ್ತು ಒಡೆದು ಬರ್ತದೆ. ದ್ರ, ಬ್ಬ, ನ್ಮ ಮೂರೂ ಸರಿ ಕೂತಿದೆಯಾ ನೋಡಿಯೇ ಪ್ರಿಂಟಿಗೆ ಬಿಡಿ.