ತೋಟದ ಮನೆ ಬಳಗ: ‘ಎನ್‌ಆರ್‌ಐಗಳಿಗೂ ಕಾಫಿ ತೋಟ’

ಪುಟ್ಟಣ್ಣ (ಫಾರ್ವರ್ಡ್): “ಸಕಲೇಶಪುರದ ಹತ್ತಿರ 10 ಗುಂಟೆಯಿಂದ ಶುರು. ಕಾಫಿ ತೋಟ ನಿಮ್ಮ ಹೆಸರಿಗೆ, ನಿರ್ವಹಣೆ ನಮ್ಮದು. 2020ರ ತಿದ್ದುಪಡಿ ಆದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಎನ್‌ಆರ್‌ಐ, ಒಸಿಐಗಳಿಗೆ ವಿಶೇಷ ರಿಯಾಯಿತಿ.”

ಪುಟ್ಟಣ್ಣ: ನೋಡು ಅಳಿಯ, ಅಮೆರಿಕದಲ್ಲಿದ್ದುಕೊಂಡೇ ಊರಲ್ಲಿ ತೋಟ ಮಾಡ್ಬೋದು.

ಕಿರಣ: ಆಸೆ ಇದೆ ಮಾವ. ಕಾಗದ ಸರಿ ಇದ್ರೆ ಡಿಸೆಂಬರಿಗೆ ಬಂದಾಗ ರಿಜಿಸ್ಟ್ರೇಷನ್ ಮಾಡಿಸ್ಕೊಂಡೇ ಹೋಗ್ತೀನಿ.

ಸುಮಾ: ಕಿರಣ, ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಕಳಿಸ್ಬೇಡ ಕಣೋ. ಎರಡು ಕಾನೂನು ಸೇರಿಸಿ ಕಲಸಿಬಿಟ್ಟಿದ್ದಾರೆ. 2020ರಲ್ಲಿ ತಿದ್ದಿದ್ದು ರಾಜ್ಯದ ಭೂಸುಧಾರಣಾ ಕಾಯ್ದೆ. ಹೊರದೇಶದಲ್ಲಿ ಇರೋರನ್ನ ತಡೆಯೋದು ಕೇಂದ್ರದ ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆ. ಅದರ 2019ರ ನಿಯಮದಲ್ಲಿ ಎನ್‌ಆರ್‌ಐ, ಒಸಿಐ (ಹೊರದೇಶದ ಪೌರತ್ವ ಇರೋ ಭಾರತ ಮೂಲದವರು) ಇಬ್ಬರೂ ಮನೆ, ಸೈಟು, ಫ್ಲಾಟು, ಅಂಗಡಿ ಎಷ್ಟಾದ್ರೂ ತಗೋಬೋದು. ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಮಾತ್ರ ಕೊಳ್ಳೋ ಹಾಗಿಲ್ಲ. ಕಾಫಿ ತೋಟ ಪ್ಲಾಂಟೇಷನ್. 10 ಗುಂಟೆ ಆದ್ರೂ ಅಷ್ಟೇ, 100 ಎಕರೆ ಆದ್ರೂ ಅಷ್ಟೇ.

ಪುಟ್ಟಣ್ಣ: ಅವನ ಪಾಸ್‌ಪೋರ್ಟ್ ನಮ್ಮ ದೇಶದ್ದೇ ಅಲ್ವೇನಮ್ಮ? ಆಧಾರ್ ಇದೆ, ಪ್ಯಾನ್ ಇದೆ. ಪರದೇಶದವನು ಹೆಂಗಾಗ್ತಾನೆ?

ಸುಮಾ: ಇಲ್ಲಿ ಫೆಮಾ ನೋಡೋದು ಪೌರತ್ವ ಒಂದನ್ನೇ ಅಲ್ಲ ಮಾವ, ವಾಸ ಎಲ್ಲಿ ಅಂತ. ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದವನು ಅನಿವಾಸಿ. ನಾಳೆ ಇಲ್ಲೇ ನೆಲೆಸ್ತೀನಿ ಅಂತ ವಾಪಸ್ ಬಂದ್ರೆ ಆಗ ಧಾರಾಳವಾಗಿ ಕೊಳ್ಳಲಿ.

ಶೇಖರ: ಇನ್ನೊಂದು ವಿಷಯ. 2020ರಲ್ಲಿ ತೆಗೆದಿದ್ದು 79ಎ, 79ಬಿ ಕಲಂ. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು, ವ್ಯವಸಾಯಗಾರರಲ್ಲದವರು ಜಮೀನು ಕೊಳ್ಳಬಾರದು ಅಂತ ಇದ್ದಿದ್ದು ಅವು. ಆದರೆ ಅದೇ ಕಾಯ್ದೆಯ 104ನೇ ಕಲಂ ಪ್ಲಾಂಟೇಷನ್‌ಗೆ ಮೊದಲಿಂದಲೂ ಅವುಗಳಿಂದ ವಿನಾಯಿತಿ ಕೊಟ್ಟಿತ್ತು. ಕಾಫಿ ತೋಟದ ಮಟ್ಟಿಗೆ ‘2020 ಆದ ಮೇಲೆ ಬಾಗಿಲು ತೆರೀತು’ ಅನ್ನೋ ಮಾತೇ ಸುಳ್ಳು.

ಕಿರಣ: ಆದ್ರೆ ಚಿಕ್ಕಪ್ಪ, ರಿಜಿಸ್ಟ್ರೇಷನ್ ಮಾಡಿಸ್ಕೊಂಡಿರೋರು ಇದ್ದಾರಲ್ಲ?

ಶೇಖರ: ಇರ್ತಾರೆ. ಆಧಾರ್ ಇಟ್ಟು, ಸ್ಟಾಂಪ್ ಡ್ಯೂಟಿ ಕಟ್ಟಿದ್ರೆ ಪತ್ರ ನೋಂದಣಿ ಆಗಿಬಿಡುತ್ತೆ. ನೋಂದಣಿ ಆದ ಮಾತ್ರಕ್ಕೆ ಫೆಮಾ ತಪ್ಪು ಅಳಿಸಿ ಹೋಗಲ್ಲ.

ಸುಮಾ: ಸಿಕ್ಕಿಹಾಕ್ಕೊಳ್ಳೋದು ಮಾರೋವಾಗ. ದುಡ್ಡು ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಇಲ್ಲಿ ಇಡೋ ರೂಪಾಯಿ ಖಾತೆ) ಅಮೆರಿಕಕ್ಕೆ ಕಳಿಸಬೇಕು ಅಂದ್ರೆ ಆಸ್ತಿ ಹೇಗೆ ಬಂತು ಅಂತ ಬ್ಯಾಂಕು ಕೇಳುತ್ತೆ, ಆಡಿಟರ್ ಸರ್ಟಿಫಿಕೇಟ್ ಕೊಡಬೇಕಾಗುತ್ತೆ. ಕ್ರಯಪತ್ರದ ತಾರೀಖು, ನಿನ್ನ ವೀಸಾದ ತಾರೀಖು ಅಕ್ಕಪಕ್ಕ ಇಟ್ರೆ ಮುಗೀತು. ದಂಡ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ಹಾಕಬಹುದು, ಆಸ್ತಿ ಮುಟ್ಟುಗೋಲಿಗೂ ಅವಕಾಶ ಇದೆ.

ಪುಟ್ಟಣ್ಣ: ನನ್ನ ಹೆಸರಲ್ಲಿ ತಗೊಳ್ಳಲಿ, ದುಡ್ಡು ಅವನು ಹಾಕಲಿ. ನಾನೇನು ಮೋಸ ಮಾಡ್ತೀನಾ?

ಸುಮಾ: ಮಾವ, ನಿಮ್ಮ ಮೇಲೆ ಯಾರಿಗೂ ಅನುಮಾನ ಇಲ್ಲ. ಆದ್ರೆ ಅದಕ್ಕೇ ಬೇನಾಮಿ ಅನ್ನೋದು. 2016ರ ತಿದ್ದುಪಡಿ ಆದ ಮೇಲೆ 1ರಿಂದ 7 ವರ್ಷ ಜೈಲು, ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ದಂಡ. ಹೆಸರು ಕೊಟ್ಟವರೂ, ದುಡ್ಡು ಕೊಟ್ಟವರೂ ಇಬ್ಬರೂ ಸಿಕ್ಕಿಬೀಳ್ತಾರೆ. ಅಗ್ರಿಮೆಂಟು, ಜಿಪಿಎ (ಅಧಿಕಾರಪತ್ರ) ಅಂತ ಅವರೇನಾದ್ರೂ ದಾರಿ ಹೇಳಿದ್ರೆ ಅದೂ ಬೇಡ. ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಕಿರಣ: ಅಕ್ಕ, ಕೋಪ ಬರೋದು ಎಲ್ಲಿ ಗೊತ್ತಾ? ವಿದೇಶಿ ಕಂಪನಿಗೆ ಕಾಫಿ ಪ್ಲಾಂಟೇಷನ್‌ನಲ್ಲಿ 100% ಎಫ್‌ಡಿಐ (ನೇರ ವಿದೇಶಿ ಹೂಡಿಕೆ) ಬಿಟ್ಟಿದ್ದಾರೆ. ಇಲ್ಲೇ ಹುಟ್ಟಿ ಬೆಳೆದ ನಂಗೆ 10 ಗುಂಟೆ ಇಲ್ಲ. ಇದು ಯಾವ ನ್ಯಾಯ?

ಮಂಜುನಾಥ: ಕಿರಣ, 2015ರ ನವೆಂಬರಲ್ಲಿ ಕಾಫಿ, ರಬ್ಬರ್, ಏಲಕ್ಕಿಗೆ ಬಿಟ್ಟಿದ್ದು ನಿಜ. ಆದರೆ ಆ ಕಂಪನಿ ಬೆಳೆ ಬೆಳೀಬೇಕು. ಭೂಬಳಕೆ ಬದಲಾಯಿಸಬೇಕಂದ್ರೆ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ತುಂಡು ಮಾಡಿ ಮಾರಿದ್ರೆ ಅದು ರಿಯಲ್ ಎಸ್ಟೇಟ್ ವ್ಯವಹಾರ, ಅದಕ್ಕೆ ಎಫ್‌ಡಿಐ ಇಲ್ಲ. ಫಾರ್ಮ್‌ಹೌಸ್ ಕಟ್ಟೋದಕ್ಕೂ ಇಲ್ಲ. ನಿರ್ಬಂಧ ಇರಲಿ ಅನ್ನೋನು ನಾನು. ಡಾಲರ್ ಸಂಬಳದವರು ಮೂಡಿಗೆರೆ, ಆಲ್ದೂರಲ್ಲಿ ಎಕರೆಗೆ ಕೇಳಿದ್ದು ಕೊಟ್ಟರೆ ಪಕ್ಕದ 3 ಎಕರೆ ರೊಬಸ್ಟಾದವನು ತನ್ನ ಮಗನಿಗೆ ಇನ್ನರ್ಧ ಎಕರೆ ಕೊಳ್ಳೋಕೆ ಆಗಲ್ಲ. ಕಾಯಿಕೊರಕ ಹುಳಕ್ಕೆ ಗಿಡ ಬಿಟ್ಟು ಹೋದ ತೋಟದಿಂದ ಪಕ್ಕದವನಿಗೂ ನಷ್ಟ.

ಶೇಖರ: ಮಂಜು, ಅಲ್ಲಿ ನನ್ನ ಅಭಿಪ್ರಾಯ ಬೇರೆ. ಬೆಂಗಳೂರಿನ ದುಡ್ಡಿಗೂ ಬೆಲೆ ಏರುತ್ತೆ, ಅದನ್ನ ಯಾರೂ ತಡೆದಿಲ್ಲ. ಊರಿನ ಮಕ್ಕಳಿಗೆ ಒಂದು ಮಿತಿ ಇಟ್ಟು ಬಿಡಬೇಕಿತ್ತು.

ಮಂಜುನಾಥ: ಮಿತಿ ಇಟ್ಟ ಕಾನೂನು ಉಳೀತಾ ಚಿಕ್ಕಪ್ಪ? 25 ಲಕ್ಷದ ಮಿತಿ ತೆಗೆದಿದ್ದು ನೀವೇ ಹೇಳಿದ್ರಲ್ಲ.

ರಂಗಪ್ಪ: ನೀವೆಲ್ಲ ಬರೆದಿದ್ದು ಓದಿದೆ. ನನ್ನ ಹೆಸರಲ್ಲಿರೋ 4 ಎಕರೆ 12 ಗುಂಟೆ ಕಿರಣನಿಗೆ ಈಗಲೇ ದಾನಪತ್ರ ಮಾಡಬೇಕು ಅಂತಿದ್ದೆ. ಅದಕ್ಕೂ ಇದು ಅಡ್ಡ ಬರುತ್ತಾ?

ಶೇಖರ: ಬರುತ್ತೆ ಅಣ್ಣ. ದಾನಪತ್ರ ಬೇಡವೇ ಬೇಡ. ಮನೆ, ಸೈಟಾದ್ರೆ ಅಪ್ಪ ಮಗನಿಗೆ ದಾನ ಕೊಡಬಹುದು. ತೋಟ ಅನಿವಾಸಿ ಮಗನಿಗೆ ದಾನವಾಗಿ ಹೋಗಬಾರದು. ಉತ್ತರಾಧಿಕಾರವಾಗಿ ಬಂದ್ರೆ ಮಾತ್ರ ತಕರಾರಿಲ್ಲ. ಉಯಿಲಿಂದ ಬಂದಿದ್ದೂ ಉತ್ತರಾಧಿಕಾರವೇ. ಒಂದೇ ತೋಟ, ಒಂದೇ ಅಪ್ಪ ಮಗ, ಪತ್ರದ ಹೆಸರು ಬದಲಾದ್ರೆ ತಪ್ಪು ಸರಿ ಬದಲಾಗುತ್ತೆ.
ಉಯಿಲಿಗೆ ಛಾಪಾಕಾಗದ ಬೇಡ, ಬಿಳಿ ಹಾಳೆ ಸಾಕು. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ನಾಲ್ಕೂ ಕಡೆಯ ಚಕ್ಕುಬಂದಿ ಪಹಣಿಯಲ್ಲಿ, ಪತ್ರದಲ್ಲಿ ಇದ್ದ ಹಾಗೇ ಬರೀಬೇಕು. ಪಿತ್ರಾರ್ಜಿತ ಆದ್ರೆ ನಿನ್ನ ಪಾಲಿಗಷ್ಟೇ ಬರೆಯೋಕಾಗೋದು. ನೀನು ಸಹಿ ಹಾಕೋದನ್ನ ನೋಡಿ ಇಬ್ಬರು ಸಾಕ್ಷಿಗಳು ನಿನ್ನೆದುರೇ ಸಹಿ ಹಾಕಲಿ. ಸಾಕ್ಷಿಗಳು ನಿನಗಿಂತ ಚಿಕ್ಕ ವಯಸ್ಸಿನವರಿರಲಿ, ಯಾಕಂದ್ರೆ ಮುಂದೆ ತಕರಾರು ಬಂದ್ರೆ ಅವರಲ್ಲಿ ಒಬ್ಬರಾದ್ರೂ ಕೋರ್ಟಿಗೆ ಬಂದು ಹೇಳಬೇಕು. ಆಸ್ತಿ ಸಿಗೋರನ್ನ ಸಾಕ್ಷಿ ಹಾಕಿಸಬೇಡ. ನೋಂದಣಿ ಕಡ್ಡಾಯ ಅಲ್ಲ, ಆದ್ರೂ ಮಾಡಿಸೋಣ.

ಸುಮಾ: ದೊಡ್ಡಪ್ಪ, ಮುಂದೆ ಖಾತೆ ಬದಲಾಗೋದೂ ತಿಳಿದಿರಲಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಯಿಲು ಇಟ್ಟು ಅರ್ಜಿ ಕೊಡ್ತಾರೆ, ತಕರಾರಿಗೆ ನೋಟೀಸು ಹಾಕ್ತಾರೆ, ಯಾರೂ ಬರದಿದ್ರೆ ಪಹಣಿಯ 9ನೇ ಕಾಲಂಗೆ ಹೆಸರು ಬರುತ್ತೆ. ಉಳಿದ ವಾರಸುದಾರರು ಒಪ್ಪದಿದ್ರೆ ಸಿವಿಲ್ ಕೋರ್ಟಿಗೆ ಹೋಗಿ ಅಂತಾರೆ. ಹಾಗಾಗಿ ನಿಮ್ಮ ಮಗಳು ಲತಾಗೂ ಈಗಲೇ ಎಲ್ಲಾ ಹೇಳಿಬಿಡಿ. ಕಿರಣ, ಹಾಗೆ ಬಂದ ತೋಟ ಎಷ್ಟು ವರ್ಷ ಬೇಕಾದ್ರೂ ಇಟ್ಕೋ, ಬೆಳೆ ತೆಗಿ. ಮಾರೋದಾದ್ರೆ ಇಲ್ಲೇ ವಾಸ ಇರೋ ಭಾರತದ ಪ್ರಜೆಗೆ ಮಾತ್ರ. ಆ ದುಡ್ಡಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ತೆರಿಗೆ ಕಟ್ಟಿ ಕಳಿಸಬಹುದು.

ಕಿರಣ: ಸರಿ ಅಕ್ಕ. ಜಾಹೀರಾತಿನವರಿಗೆ ಬೇಡ ಅಂತ ಹೇಳ್ತೀನಿ. ಅಪ್ಪ, ಲತಾ ಹತ್ರ ನಾನೇ ಇವತ್ತು ಮಾತಾಡ್ತೀನಿ.

ರಂಗಪ್ಪ (ಫೋಟೋ): ಪಹಣಿ ಇದು. ಹೆಸರು, ವಿಸ್ತೀರ್ಣ ಸರಿ ಇದೆ. 11ನೇ ಕಾಲಂನಲ್ಲಿ ಸೊಸೈಟಿ ಸಾಲ ಇನ್ನೂ ತೋರಿಸ್ತಿದೆ. ಅದು ತೀರಿಸಿ ಆಗಿದೆಯಲ್ಲ?

ಶೇಖರ: ಹಂಗಾದ್ರೆ ಉಯಿಲಿಗಿಂತ ಮೊದಲು ಅದನ್ನ ತೆಗೆಸೋಣ ಅಣ್ಣ. ಸೋಮವಾರ ಸೊಸೈಟಿಯಿಂದ ಸಾಲ ತೀರಿದೆ ಅನ್ನೋ ಬೇಬಾಕಿ ಪತ್ರ ಇಸ್ಕೋ, ಅಲ್ಲಿಂದ ನಾಡಕಚೇರಿಗೆ ನಾನೂ ಬರ್ತೀನಿ.